ಎಡಗೈಯ ಗಾಲಿ

ನನ್ನ ಕೈ ಕೆಟ್ಟದ್ದು ಎಂದು ಭಾವ ಹೇಳಿದ್ದು ಒಂದು ಬುಧವಾರ ಬೆಳಿಗ್ಗೆ. ನನ್ನ ಮುಖ ನೋಡಿಕೊಂಡು ಹೇಳಲಿಲ್ಲ, ಮೇಜಿನ ಮೇಲೆ ಸಾಲಾಗಿ ನಿಂತಿದ್ದ ಹನ್ನೆರಡು ಗಾಜಿನ ಕಂಬಗಳ ಮುಖ ನೋಡಿಕೊಂಡು ಹೇಳಿದರು. ಮನುಷ್ಯರನ್ನು ಬೈಯಬೇಕಾದಾಗ ವಸ್ತುಗಳ ಜೊತೆ ಮಾತಾಡುವುದು ಅವರ ಅಭ್ಯಾಸ. ನನ್ನ ಗಂಡನ ಅಣ್ಣ, ಕಾರ್ಖಾನೆಯ ಯಜಮಾನ, ಅದಕ್ಕೇ ವಸ್ತುಗಳೂ ತೆಪ್ಪಗೆ ಕೇಳಿಸಿಕೊಳ್ಳುತ್ತವೆ.

ಆ ಕಂಬಗಳು ಮೇಜಿನ ದೀಪಕ್ಕೆ ಆಸರೆಯಾಗುವಂಥವು. ಒಂದು ಗೇಣು ಎತ್ತರ, ಎಂಟು ಮುಖ. ದೀಪದ ಅಂಗಡಿಯವರು ಹನ್ನೆರಡನ್ನೂ ವಾಪಸ್ ಕಳಿಸಿದ್ದರು. ಯಾಕೆ ಎಂದು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ನಮ್ಮಲ್ಲಿ ಹೊಳಪು ಸರಿಯಾಗಿದೆಯೇ ಎಂದು ನೋಡುವುದಕ್ಕೆ ಒಂದೇ ದಾರಿ. ಗಾಜನ್ನು ಕಿಟಕಿಯ ಎದುರು ಹಿಡಿದು, ಅದರ ಮುಖದಲ್ಲಿ ಕಿಟಕಿಯ ಸರಳುಗಳ ಪ್ರತಿಬಿಂಬ ನೋಡಬೇಕು. ಸರಳು ನೆಟ್ಟಗೆ ಕಂಡರೆ ಮುಖ ಮಟ್ಟಸವಾಗಿದೆ ಎಂದು ಅರ್ಥ. ಬಳುಕಿದರೆ ಹೊಳಪು ಕೊಟ್ಟವರ ಕೈ ಬಳುಕಿದೆ ಎಂದು ಅರ್ಥ. ನನ್ನ ಹನ್ನೆರಡು ಕಂಬಗಳಲ್ಲೂ ಸರಳುಗಳು ಬಿಸಿ ಹಾಲಿನ ಮೇಲಿನ ಕೆನೆಯಂತೆ ಸುಕ್ಕುಗಟ್ಟಿದ್ದವು.

"ಸೋಮವಾರದಿಂದ ಹೊಳಪಿನ ಕೆಲಸ ಆಸಿಡ್‌ನವರಿಗೆ ಕೊಡ್ತೀನಿ," ಎಂದರು ಭಾವ, ಏಳನೇ ಕಂಬಕ್ಕೆ. "ತೊಟ್ಟಿಯಲ್ಲಿ ಅದ್ದಿ ತೆಗೀತಾರೆ, ಮುಗೀತು. ನೀನು ಪ್ಯಾಕಿಂಗ್ ನೋಡ್ಕೋಮ್ಮ."

ಪ್ಯಾಕಿಂಗ್ ಎಂದರೆ ಹಿಂದಿನ ಕೋಣೆ. ಹಳೆಯ ಕಾಗದ, ಒಣಹುಲ್ಲು, ರಟ್ಟಿನ ಡಬ್ಬ. ಬೇರೆಯವರು ಮಾಡಿದ್ದನ್ನು ಸುತ್ತಿ ಕೊಡುವ ಕೆಲಸ. ಅದೂ ಕೆಲಸವೇ, ನಾನು ಮೂಗು ಮುರಿಯುವುದಿಲ್ಲ. ಆದರೆ ಮೂರು ವರ್ಷ ನಾನು ಅತ್ತೆಯ ಪಕ್ಕದಲ್ಲಿ ಕುಳಿತು, ಉಗುರಿನ ಸಂದಿಗೆಲ್ಲ ಹೊಳಪು ಕೊಡುವ ಗುಲಾಬಿ ಬಣ್ಣದ ಪುಡಿ ಹತ್ತಿಸಿಕೊಂಡು, ಆ ಹೊಳಪಿನ ಪೀಠಕ್ಕಾಗಿಯೇ ಬೆನ್ನು ಬಗ್ಗಿಸಿದ್ದೆ. ಅದನ್ನು ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ಶನಿವಾರದವರೆಗೆ ಸಮಯ ಕೊಡಿ," ಎಂದೆ. "ಒಂದು ಕಂಬ ಮಾಡಿ ತೋರಿಸ್ತೀನಿ. ಬಳುಕಿದ್ರೆ ನಾನೇ ಹೋಗಿ ಹುಲ್ಲಿನಲ್ಲಿ ಕೂತ್ಕೋತೀನಿ."

ಭಾವ ಎಂಟನೇ ಕಂಬವನ್ನು ಕೇಳಿದರು: "ಮೂರು ವರ್ಷದಲ್ಲಿ ಬರದೇ ಇದ್ದದ್ದು ಮೂರು ದಿನದಲ್ಲಿ ಬರತ್ತಾ?" ಕಂಬ ಸುಮ್ಮನಿತ್ತು. ಅವರು ಕೈ ಕೊಡವಿ ಹೋದರು. ಬೇಡ ಎನ್ನಲಿಲ್ಲವಲ್ಲ, ಅಷ್ಟು ಸಾಕು ನನಗೆ.

ಆದರೆ ಅವರ ಮಾತು ತಲೆಯಲ್ಲಿ ಉಳಿಯಿತು. ಮೂರು ವರ್ಷದಲ್ಲಿ ಬರದೇ ಇದ್ದದ್ದು ಎಂದರೇನು? ಮೂರು ವರ್ಷದಲ್ಲಿ ನನ್ನ ಒಂದೇ ಒಂದು ಗಾಜೂ ವಾಪಸ್ ಬಂದಿರಲಿಲ್ಲ. ಅತ್ತೆಯ ಬೆರಳಿನ ಗೆಣ್ಣುಗಳು ಊದಿಕೊಂಡು ಅವರು ಪೀಠ ಬಿಟ್ಟು ಎರಡು ತಿಂಗಳಾಗಿತ್ತು. ಮುಗಿದ ಗಾಜನ್ನು ಕಿಟಕಿಗೆ ಹಿಡಿದು ನೋಡಿ ಕಳಿಸುವುದು ಅವರ ಕೆಲಸವಾಗಿತ್ತು, ಅವರು ಬಿಟ್ಟ ಮೇಲೆ ಹಾಗೆ ನೋಡದೆ ಹೋದ ಮೊದಲ ಸರಕು ಇದೇ. ಮೂರು ವರ್ಷ ನೆಟ್ಟಗಿದ್ದ ಕೈ ಎರಡೇ ತಿಂಗಳಲ್ಲಿ ಹೇಗೆ ಕೆಟ್ಟಿತು?

ಭಾವನ ಆಫೀಸಿನ ಕಿಟಕಿಯಲ್ಲಿ ಹೋದ ವರ್ಷದ್ದೊಂದು ಕಂಬ ನಮೂನೆಗೆಂದು ಇಟ್ಟಿದ್ದರು. ಅದು ನನ್ನದು. ಮಾಡಿದ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿದ್ದು ಚೆನ್ನಾಗಿ ನೆನಪಿದೆ. ಅದನ್ನು ತಂದು ಭೂತಗನ್ನಡಿ ಹಿಡಿದು ನೋಡಿದೆ. ಹೊಳಪು ಕೊಟ್ಟ ಗಾಜಿನಲ್ಲೂ ಕೈ ಹರಿದ ದಾರಿ ಸಣ್ಣಗೆ ಉಳಿದಿರುತ್ತದೆ, ಗುಡಿಸಿದ ನೆಲದಲ್ಲಿ ಪೊರಕೆಯ ಗುರುತು ಉಳಿದಂತೆ. ನಾನು ಎಡಚಿ. ನನ್ನ ಗುರುತು ಎಡದಿಂದ ಬಲಕ್ಕೆ ಇಳಿಯಬೇಕು. ಈ ಕಂಬದ ಎಂಟು ಮುಖಗಳಲ್ಲೂ ಬಲದಿಂದ ಎಡಕ್ಕೆ ಇಳಿದಿತ್ತು.

ಕಂಬವನ್ನು ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅತ್ತೆ ಬೋಗುಣಿಯ ಬಿಸಿನೀರಿನಲ್ಲಿ ಬೆರಳು ಅದ್ದಿಕೊಂಡು ಕುಳಿತಿದ್ದರು.

"ಇದು ಯಾರು ಮಾಡಿದ್ದು ಅತ್ತೆ?"

ಅವರು ಕಂಬವನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನೀನೇ," ಎಂದರು. ಆಮೇಲೆ, ನೀರಿನೊಳಗೆ ಬೆರಳು ಮಡಿಸಿ ಬಿಡಿಸುತ್ತ, "ಆಮೇಲೆ ಸ್ವಲ್ಪ ನಾನು," ಎಂದರು.

"ಸ್ವಲ್ಪ ಅಂದ್ರೆ?"

"ಬೆಳಿಗ್ಗೆ ನೀನು ಬರೋಕೆ ಮುಂಚೆ ಒಂದು ಗಂಟೆ ಕೂತ್ಕೋತಿದ್ದೆ."

"ಎಷ್ಟು ಗಾಜಿಗೆ?"

ಅತ್ತೆ ಬೋಗುಣಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. "ಎಲ್ಲಾದಕ್ಕೂ," ಎಂದರು ಕಡೆಗೆ.

ನಾನು ಅವತ್ತು ಅತ್ತೆಯ ಮುಂದೆ ದನಿ ಎತ್ತಿದೆ, ಸುಳ್ಳು ಹೇಳುವುದಿಲ್ಲ. ಮೂರು ವರ್ಷ ನಾನು ಹೊಳಪಿನವಳು ಎಂದು ಊರೆಲ್ಲ ಎದೆಯೆತ್ತಿ ಓಡಾಡಿದ್ದೆ. ನನ್ನ ತಂಗಿಗೆ, ಪಕ್ಕದ ಮನೆಯವರಿಗೆ, ಬಟ್ಟೆ ಹೊಲಿಯುವವಳಿಗೆ ಎಲ್ಲರಿಗೂ ಹೇಳಿಕೊಂಡಿದ್ದೆ. ಅಷ್ಟೂ ಕಾಲ ಈ ಮುದುಕಿ ನನ್ನ ಹಿಂದೆ ಬಂದು ನನ್ನ ತಪ್ಪನ್ನೆಲ್ಲ ಒರೆಸಿ ಇಡುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳುವುದಕ್ಕೆ ಆಗಲಿಲ್ಲ.

"ಹೇಳಬಹುದಿತ್ತಲ್ಲ, ನಿನ್ನ ಕೈ ಕೆಟ್ಟದ್ದು ಅಂತ."

"ಕೆಟ್ಟದ್ದಲ್ಲ ಕಣೇ, ಎಡದ್ದು. ಬರೋಲ್ಲ ಅಂತ ಮೊದಲ ತಿಂಗಳಲ್ಲೇ ಅನ್ನಿಸ್ತು. ಆದ್ರೆ ನೀನು ಅಷ್ಟು ಆಸೆಯಿಂದ ಕೂತ್ಕೋತಿದ್ದೆ. ಹೇಳೋಕೆ ಬಾಯಿ ಬರಲಿಲ್ಲ."

ಅಡುಗೆಮನೆಗೂ ಕಾರ್ಖಾನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಇಟ್ಟಿಗೆಯದಲ್ಲ, ಹಲಗೆಯದು. ಆಚೆ ಕಡೆ ಯಂತ್ರಗಳ ಸದ್ದು ನಿಂತಿತ್ತು. ಭಾವ ಎಲ್ಲವನ್ನೂ ಕೇಳಿಸಿಕೊಂಡರು ಎಂದು ಅವರ ಕೆಮ್ಮಿನಿಂದಲೇ ಗೊತ್ತಾಯಿತು.

ಮುಖ ತೊಳೆದುಕೊಂಡು ಬಂದು ಪೀಠದಲ್ಲಿ ಕುಳಿತೆ. ಅಳುವುದಕ್ಕೆ ಶನಿವಾರದ ನಂತರ ಬೇಕಾದಷ್ಟು ಬಿಡುವು ಸಿಗುತ್ತಿತ್ತು. ಬರೋಲ್ಲ ಎಂಬ ಮಾತನ್ನು ಮಾತ್ರ ನಾನು ಹೊಟ್ಟೆಗೆ ಹಾಕಿಕೊಳ್ಳಲು ಸಿದ್ಧಳಿರಲಿಲ್ಲ. ಎಡಗೈಯಲ್ಲಿ ನಾನು ಬರೆದಿದ್ದೇನೆ, ಹೊಲಿದಿದ್ದೇನೆ, ಸೂಜಿಗೆ ದಾರ ಪೋಣಿಸುವುದರಲ್ಲಿ ಮನೆಯಲ್ಲೇ ನಾನು ಮೊದಲು. ಗಾಜಿನ ಮುಂದೆ ಮಾತ್ರ ಆ ಕೈಗೆ ಏನು ಬಡಿದಿದೆ?

ಗಾಲಿಯನ್ನು ನೋಡಿದೆ. ಉಣ್ಣೆಯನ್ನು ಅದುಮಿ ಮಾಡಿದ ಫೆಲ್ಟ್ ಗಾಲಿ, ಮೂರು ಬೆರಳು ಅಗಲ, ಇರುಸಿನ ಮೇಲೆ ನೆಟ್ಟಗೆ ನಿಂತು ತಿರುಗುವಂಥದ್ದು. ಅದರ ಅಂಚಿಗೆ ಗುಲಾಬಿ ಪುಡಿಯ ನೀರು ಸವರಿ, ಗಾಜನ್ನು ಎರಡೂ ಕೈಯಿಂದ ಒತ್ತಿ ಹಿಡಿಯಬೇಕು. ಮೂರು ವರ್ಷ ಅದನ್ನು ಮುಟ್ಟಿದ್ದೆ, ಒಂದು ದಿನವೂ ಅಳೆದಿರಲಿಲ್ಲ. ಉಕ್ಕಿನ ಅಳತೆಪಟ್ಟಿ ತಂದು ಅಂಚಿನ ಮೇಲೆ ಅಡ್ಡ ಇಟ್ಟೆ. ಎಡಗಡೆ ಪಟ್ಟಿ ಫೆಲ್ಟಿಗೆ ಅಂಟಿ ಕೂತಿತು. ಬಲಗಡೆ ಅಡಿಯಲ್ಲಿ ಬೆಳಕು ಕಂಡಿತು. ಬೆಂಕಿಕಡ್ಡಿಯ ದಪ್ಪದಷ್ಟು ಸಂದು.

ಉಳಿದ ಮೂರು ಗಾಲಿಗಳನ್ನೂ ಗೂಟದಿಂದ ಇಳಿಸಿ ಅಳೆದೆ. ಎಲ್ಲವೂ ಬಲಕ್ಕೆ ಇಳಿಜಾರು. ಕಾರಣ ನನಗೆ ತಕ್ಷಣ ಹೊಳೆಯಿತು. ನಮ್ಮಲ್ಲಿ ಹೊಸ ಗಾಲಿ ಬಂದರೆ ಮೊದಲ ತಿಂಗಳು ಅತ್ತೆಯೇ ಅದರ ಮುಂದೆ ಕೂರಬೇಕು, ಪಳಗಿಸಬೇಕು, ಆಮೇಲೆ ಬೇರೆಯವರು. ಅದು ಅವರಿಗೆ ನಾವು ಕೊಡುವ ಮರ್ಯಾದೆಯಾಗಿತ್ತು. ಬಲಗೈಯವರು ಬಲಗಡೆ ಹೆಚ್ಚು ಒತ್ತುತ್ತಾರೆ, ಗಾಲಿ ಬಲಕ್ಕೆ ಸವೆಯುತ್ತದೆ, ಅವರ ಕೈಗೆ ಹೊಂದಿಕೊಳ್ಳುತ್ತದೆ. ನಾನು ಎಡಕ್ಕೆ ಒತ್ತಿದಾಗ ಗಾಜು ಎತ್ತರದ ಅಂಚಿನ ಮೇಲೆ ಕೂತು ತೂಗಾಡುತ್ತಿತ್ತು. ಕೈಯನ್ನು ಬೈಯುತ್ತಿದ್ದ ನಾವ್ಯಾರೂ ಗಾಲಿಯ ಕಡೆ ತಿರುಗಿ ನೋಡಿರಲಿಲ್ಲ.

ಇಷ್ಟು ಗೊತ್ತಾದ ಮೇಲೆ ನಾನು ಮಾಡಿದ ಮೊದಲ ಕೆಲಸ ದಡ್ಡತನದ್ದು. ಗಾಲಿಯನ್ನು ಇರುಸಿನಿಂದ ತೆಗೆದು ತಿರುಗಿಸಿ ಹಾಕಿದೆ. ಇಳಿಜಾರು ಎಡಕ್ಕೆ ಬರುತ್ತದಲ್ಲ, ಸಮಸ್ಯೆ ತೀರಿತು ಎಂದುಕೊಂಡೆ. ಪ್ರತಿ ಗಾಲಿಯ ಮೈಮೇಲೂ ಬಣ್ಣದಲ್ಲಿ ಒಂದು ಬಾಣ ಬರೆದಿರುತ್ತದೆ, ಅದು ತಿರುಗುವ ದಿಕ್ಕು, ಅದನ್ನು ಯಾವತ್ತೂ ಬದಲಾಯಿಸಬಾರದು. ಕಾರ್ಖಾನೆಗೆ ಬಂದವರಿಗೆ ಮೊದಲ ದಿನ ಹೇಳುವ ಮಾತು ಅದು. ನಾನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಒಂದು ಮುಖ ಮುಗಿಸಿ ಕಿಟಕಿಗೆ ಹಿಡಿದೆ. ಸರಳುಗಳು ನೆಟ್ಟಗಿದ್ದವು. ನನ್ನ ಕೈಯಿಂದ ಮೊದಲ ಸಲ ನೆಟ್ಟಗಿದ್ದವು. ಗಂಡನನ್ನು ಕೂಗಬೇಕು ಎಂದು ಬಾಯಿ ತೆರೆದೆ, ಅಷ್ಟರಲ್ಲಿ ಗಾಜು ಸ್ವಲ್ಪ ವಾಲಿತು, ಬಿಸಿಲು ಅಡ್ಡ ಬಿತ್ತು. ಮುಖದ ತುಂಬ ಕೂದಲೆಳೆಯ ಗೀರುಗಳು.

ಗೀರು ಬಿದ್ದ ಕಂಬವನ್ನು ಮತ್ತೆ ಮೊದಲಿನಿಂದ ಅರೆಯಬೇಕು. ಅರೆಯುವ ಕೆಲಸ ನನ್ನ ಗಂಡನದು. ಅವರು ಶೆಡ್ಡಿನ ಆಚೆ ತುದಿಯಲ್ಲಿ ಕಬ್ಬಿಣದ ಗಾಲಿ, ಕಲ್ಲಿನ ಗಾಲಿ, ಆಮೇಲೆ ಅರೆಯುವ ಒರಟು ಬೂದು ಪುಡಿ ಹಾಕಿದ ಕಾರ್ಕ್ ಗಾಲಿ, ಈ ಮೂರರ ನಡುವೆ ದಿನ ಕಳೆಯುವವರು. ಮಾತು ಕಡಿಮೆ, ಆಡಿದರೆ ಚುಚ್ಚುವಂಥದ್ದೇ.

"ಬಾಣ ತಿರುಗಿಸಿದ್ಯಾ?" ಎಂದು ಕೇಳಿದರು, ಗೀರು ನೋಡಿದ ಕೂಡಲೇ.

"ಹೂಂ."

"ಬೆಕ್ಕಿನ ಬೆನ್ನು ಬಾಲದ ಕಡೆಯಿಂದ ಸವರಿದ್ರೆ ಏನಾಗತ್ತೆ?"

"ಪರಚತ್ತೆ."

"ಅಷ್ಟೇ. ಅದರೊಳಗೆ ಮಲಗಿದ್ದ ಹಳೇ ಪುಡಿಯ ಹರಳೆಲ್ಲ ಎದ್ದು ನಿಂತಿದೆ. ಆ ಗಾಲಿ ಇನ್ನು ನಿನಗೂ ಇಲ್ಲ, ನಮಗೂ ಇಲ್ಲ." ಬೇಜಾರಿಲ್ಲದೆ ಕಂಬ ತೆಗೆದುಕೊಂಡು ಮತ್ತೆ ಅರೆಯುವುದಕ್ಕೆ ನಿಂತರು. ಒಂದು ಮಾತು ಹೆಚ್ಚಿಗೆ ಆಡದ ಈ ಗುಣಕ್ಕೇ ನಾನು ಅವರನ್ನು ಇಷ್ಟು ವರ್ಷ ಸಹಿಸಿಕೊಂಡಿರುವುದು.

ಗುರುವಾರ ಬೆಳಿಗ್ಗೆ ಉಗ್ರಾಣದ ಕಪಾಟು ತೆಗೆದೆ. ಯಾರೂ ಪಳಗಿಸದ ಗಾಲಿ ಬೇಕಿತ್ತು ನನಗೆ. ಮೂರು ಸಿಕ್ಕವು. ಮೆತ್ತಗಿನ ಫೆಲ್ಟ್ ಒಂದು, ಗಟ್ಟಿ ಫೆಲ್ಟ್ ಒಂದು, ಕಾಗದ ಬಿಚ್ಚದ ಕಾರ್ಕ್ ಒಂದು. ಒಡೆದ ಕಂಬಗಳ ಚೂರುಗಳನ್ನು ಗಂಡನಿಂದ ಅರೆಸಿಕೊಂಡು ಪರೀಕ್ಷೆಗೆ ಕುಳಿತೆ.

ಮೆತ್ತಗಿನದು ಮೊದಲ ಗಂಟೆಯಲ್ಲೇ ನನ್ನ ಕೈಗೆ ಒಗ್ಗಿತು. ಮುಖ ಫಳಫಳ ಹೊಳೆಯಿತು. ಆದರೆ ಎರಡು ಮುಖ ಸೇರುವ ಏಣನ್ನು ಅದು ತಿಂದುಬಿಟ್ಟಿತು. ಕಂಬದ ಚೂರು ನಾಲ್ಕು ದಿನ ಬಳಸಿದ ಸೋಪಿನ ಬಿಲ್ಲೆಯ ಹಾಗೆ ಕಂಡಿತು. ಆಸಿಡ್ ತೊಟ್ಟಿಯೂ ಹೀಗೇ ಮಾಡುವುದು, ಅದಕ್ಕೆ ನಾನೇಕೆ ಬೇಕು?

ಗಟ್ಟಿ ಫೆಲ್ಟ್ ಏಣನ್ನು ಉಳಿಸಿತು. ಅತ್ತೆಯ ಮೆಚ್ಚಿನ ಜಾತಿ ಅದು. ಆದರೆ ಪಳಗದ ಗಟ್ಟಿ ಫೆಲ್ಟ್ ಕಲ್ಲಿಗೆ ಸಮ. ನೀರನ್ನು ಹೀರುವುದಿಲ್ಲ, ಎಸೆಯುತ್ತದೆ, ಗಾಜು ಬಿಸಿಯಾಗುತ್ತದೆ. ಮೂರನೇ ಚೂರು ಟಿಕ್ ಎಂದು ನನ್ನ ಅಂಗೈಯಲ್ಲೇ ಎರಡಾಯಿತು. ಅದನ್ನು ದಾರಿಗೆ ತರಲು ತಿಂಗಳು ಬೇಕು. ನನ್ನ ಬಳಿ ಇದ್ದದ್ದು ಎರಡು ದಿನ.

ಉಳಿದದ್ದು ಕಾರ್ಕ್. ಅದರಲ್ಲಿ ಕೊನೆಯ ಹೊಳಪು ಯಾರೂ ಮಾಡುವುದಿಲ್ಲ, ನಮ್ಮಲ್ಲಂತೂ ಇಲ್ಲ. ಕಾರ್ಕ್ ಎಂದರೆ ಬೂದು ಪುಡಿ, ಬೂದು ಪುಡಿ ಎಂದರೆ ಮಂಕು. ಆದರೆ ಅದಕ್ಕೆ ಒಂದು ಗುಣವಿದೆ. ತಿರುಗುವಾಗ ಬ್ಲೇಡು ಹಿಡಿದರೆ ಬೇಕಾದ ಆಕಾರಕ್ಕೆ ಬರುತ್ತದೆ, ಬಂದ ಮೇಲೆ ಬೇಗ ಬಿಡುವುದಿಲ್ಲ. ತಿಂಗಳು ಪಳಗಿಸುವ ಅಗತ್ಯವಿಲ್ಲ, ನನ್ನ ಕೈಯ ಅಳತೆಗೆ ಒಂದೇ ಬೆಳಿಗ್ಗೆಯಲ್ಲಿ ಕೆತ್ತಿಕೊಳ್ಳಬಹುದು. ಬೂದು ಪುಡಿಯನ್ನು ಕಂಡೇ ಇರದ ಕಾರ್ಕಿಗೆ ಗುಲಾಬಿ ಪುಡಿ ಹಾಕಿದರೆ ಏನಾಗುತ್ತದೆ? ಗೊತ್ತಿದ್ದವರು ಯಾರೂ ಇರಲಿಲ್ಲ. ನಾನೇ ನೋಡುವುದು ಎಂದು ನಿರ್ಧರಿಸಿದೆ.

ಭಾವ ಅತ್ತ ಬಂದವರು ಕಾರ್ಕ್ ನೋಡಿ ನಿಂತರು. "ಕಾರ್ಕಿನಲ್ಲಿ ಹೊಳಪು ಬಂದದ್ದು ಎಲ್ಲಾದ್ರೂ ಕೇಳಿದೀರಾ?" ಎಂದು ಮೋಟಾರನ್ನು ವಿಚಾರಿಸಿದರು.

"ಶನಿವಾರ ಕೇಳ್ತೀರಿ," ಎಂದೆ ನಾನು, ಮೋಟಾರಿನ ಪರವಾಗಿ.

ಶುಕ್ರವಾರ ಬೆಳಿಗ್ಗೆ ಉಗುರುಗಳನ್ನು ಬುಡದವರೆಗೆ ಕತ್ತರಿಸಿದೆ. ಹಲ್ಲುಜ್ಜುವ ಬ್ರಷ್ಷಿನಿಂದ ಬೆರಳು ತಿಕ್ಕಿದೆ, ತಲೆಗೆ ಬಟ್ಟೆ ಕಟ್ಟಿದೆ, ಗಂಡನನ್ನು ನನ್ನ ಪೀಠದಿಂದ ಹತ್ತು ಹೆಜ್ಜೆ ದೂರ ಇಟ್ಟೆ. ಅವರ ಮೈಯೆಲ್ಲ ಬೂದು ಪುಡಿ, ಒಂದು ಹರಳು ಉದುರಿದರೂ ನನ್ನ ಕಥೆ ಮುಗಿದಂತೆ. "ಊಟ ತಂದ್ರೆ?" ಎಂದರು. "ಅಲ್ಲೇ ಇಡಿ," ಎಂದೆ.

ಗಾಲಿ ತಿರುಗಿಸಿ ಬ್ಲೇಡು ಹಿಡಿದೆ. ಮೊದಲು ಮಟ್ಟ ಮಾಡಿ, ಆಮೇಲೆ ಎಡಕ್ಕೆ ಸ್ವಲ್ಪವೇ ಇಳಿಸಿದೆ. ಒಂದು ಚೂರು ಗಾಜು ಹಿಡಿದು ನೋಡುವುದು, ಸರಳು ನೋಡುವುದು, ಮತ್ತೆ ಬ್ಲೇಡು. ಆರನೇ ಸಲಕ್ಕೆ ಗಾಜು ಗಾಲಿಯ ಮೇಲೆ ತೂಗಾಡುವುದನ್ನು ಬಿಟ್ಟು ಕೂತಿತು. ಆ ಕೂತದ್ದನ್ನು ನಾನು ಅಂಗೈಯಲ್ಲಿ ತಿಳಿದೆ. ಮೂರು ವರ್ಷ ನನಗೆ ಗೊತ್ತೇ ಇರಲಿಲ್ಲ, ಗಾಜು ಹೀಗೆ ಸುಮ್ಮನೆ ಕೂರುತ್ತದೆ ಎಂದು. ಅಂಚಿಗೆ ಗುಲಾಬಿ ಪುಡಿಯ ನೀರು ಸವರಿದೆ.

ಕಾರ್ಕ್ ನಿಧಾನ, ಬಹಳ ನಿಧಾನ. ಫೆಲ್ಟಿನಲ್ಲಿ ಹತ್ತು ನಿಮಿಷದ ಮುಖಕ್ಕೆ ಇದರಲ್ಲಿ ಮುಕ್ಕಾಲು ಗಂಟೆ. ಮೊದಲ ಅರ್ಧ ಗಂಟೆ ಏನೂ ಆಗುವುದಿಲ್ಲ, ಗಾಜು ಹಾಗೇ ಮಂಕಾಗಿರುತ್ತದೆ. ಗೊತ್ತಿಲ್ಲದವರು ಅಲ್ಲೇ ಕೈ ಬಿಡುತ್ತಾರೆ. ನನಗೂ ಗೊತ್ತಿರಲಿಲ್ಲ, ಆದರೆ ಕೈ ಬಿಡುವುದಕ್ಕೆ ನನಗೆ ಹಿಂದಿನ ಕೋಣೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಆಮೇಲೆ ಮಧ್ಯದಲ್ಲಿ ಒಂದು ಕಾಸಿನಗಲ ಬೆಳಗಿತು. ಅದು ಅಂಚಿನ ಕಡೆ ಹರಡಿತು. ಏಣು ಬೆರಳು ಕೊಯ್ಯುವಷ್ಟು ಚೂಪಾಗಿ ಉಳಿಯಿತು. ಶುಕ್ರವಾರ ಆರು ಮುಖ, ಶನಿವಾರ ಬೆಳಿಗ್ಗೆ ಎರಡು.

ಹನ್ನೊಂದು ಗಂಟೆಗೆ ಭಾವ ಬಂದು ಕಂಬ ಎತ್ತಿಕೊಂಡರು. ಕಿಟಕಿಯ ಎದುರು ಒಂದೊಂದೇ ಮುಖ ತಿರುಗಿಸಿದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಬುಧವಾರದಿಂದ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಭಾವ ಎಂಟು ಮುಖ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದರು. ಬಿಸಿಲಿಗೆ ವಾಲಿಸಿದರು. ಗೀರು ಹುಡುಕಿದರು. ಸಿಗಲಿಲ್ಲ.

"ಚೆನ್ನಾಗಿದೆ," ಎಂದರು ಕಂಬಕ್ಕೆ. ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ನೇರವಾಗಿ ನನ್ನ ಮುಖ ನೋಡಿದರು. "ಬೆಳಿಗ್ಗೆ ಅಮ್ಮ ಕೂತಿದ್ರಾ ಇದಕ್ಕೆ?"

ಏನು ಹೇಳಿದರೂ ಅವರು ನಂಬುವಂತಿರಲಿಲ್ಲ, ನಂಬದಿರುವುದಕ್ಕೆ ಅವರಿಗೆ ಮೂರು ವರ್ಷದ ಕಾರಣವಿತ್ತು. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಎರಡು ದಿನದ ಕೆಲಸ ಕೈಯಿಂದ ಜಾರಿಹೋಗುತ್ತಿರುವುದನ್ನು ನೋಡುತ್ತ ನಿಂತೆ.

ಅತ್ತೆ ಬಾಗಿಲು ಬಿಟ್ಟು ಒಳಗೆ ಬಂದರು. ಯಾರನ್ನೂ ಕೇಳಲಿಲ್ಲ. ತೊಟ್ಟಿಯ ಬಳಿ ಹೋಗಿ ಉಗುರು ತಿಕ್ಕಿಕೊಂಡರು, ಊದಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಅರೆದಿಟ್ಟಿದ್ದ ಇನ್ನೊಂದು ಕಂಬ ಎತ್ತಿಕೊಂಡು ನನ್ನ ಪೀಠದ ಮೇಲೆ ಕುಳಿತರು.

"ಗಾಲಿ ಹಾಕೇ," ಎಂದರು.

ಹಾಕಿದೆ. ಅವರು ಹಿಡಿಯುವುದನ್ನು ನೋಡಿದರೆ ಈಗಲೂ ಕಣ್ಣು ತುಂಬುತ್ತದೆ. ನೋವಿದ್ದರೂ ಹಿಡಿತದಲ್ಲಿ ಒಂದಿಷ್ಟೂ ಅಂಜಿಕೆಯಿಲ್ಲ. ಮೂವತ್ತು ವರ್ಷದ ಕೈ. ಆದರೆ ಅವರು ಬಲಕ್ಕೆ ಒತ್ತಿದ ಕೂಡಲೇ ಗಾಜು ತೂಗಾಡಿತು. ಅವರು ಒತ್ತಡ ಬದಲಾಯಿಸಿದರು, ಕೂತ ಭಂಗಿ ಬದಲಾಯಿಸಿದರು, ಮೊಣಕೈ ಎತ್ತಿದರು. ಮುಕ್ಕಾಲು ಗಂಟೆ ಮೇಲೇಳಲಿಲ್ಲ. ಭಾವ ಎರಡು ಸಲ "ಸಾಕಮ್ಮ" ಎಂದರು. ನನ್ನ ಗಂಡ ಆಚೆ ಯಂತ್ರ ನಿಲ್ಲಿಸಿ ಬಂದು, ಹತ್ತು ಹೆಜ್ಜೆ ದೂರದಲ್ಲೇ ನಿಂತರು.

ಮುಖ ಬೆಳಗಿದ ಮೇಲೆ ಅತ್ತೆ ಕಂಬವನ್ನು ತಾವು ನೋಡಲಿಲ್ಲ. ಮಗನ ಕೈಗೆ ಕೊಟ್ಟರು. ಭಾವ ಅದನ್ನು ಕಿಟಕಿಗೆ ಹಿಡಿದರು, ನಾನೂ ಅವರ ಭುಜದ ಹಿಂದಿನಿಂದ ನೋಡಿದೆ. ಸರಳುಗಳು ಸುಕ್ಕುಗಟ್ಟಿದ್ದವು, ನನ್ನ ಹನ್ನೆರಡರಲ್ಲಿ ಇದ್ದ ಹಾಗೆಯೇ.

"ಇದು ನನ್ನ ಕೈಗೆ ಬರೋಲ್ಲ ಕಣೋ," ಎಂದರು ಅತ್ತೆ. "ಇದು ಅವಳ ಗಾಲಿ. ಅವಳೇ ಮಾಡಿದ್ದು."

ಭಾವ ಕಂಬವನ್ನು ಅಮ್ಮನ ಕೈಗೆ ವಾಪಸ್ ಕೊಟ್ಟರು. "ಆಸಿಡ್‌ನವರಿಗೆ ಬೇಡ ಅಂತ ಹೇಳ್ತೀನಿ," ಎಂದರು ನನಗೆ. "ಆ ಹನ್ನೆರಡನ್ನೂ ನೀನೇ ಮತ್ತೆ ಮಾಡಬೇಕು. ಕಾರ್ಕ್ ಇನ್ನೆಷ್ಟು ಬೇಕು ಹೇಳು."

ನನ್ನ ಕಣ್ಣೆಲ್ಲ ಅತ್ತೆಯ ಮೇಲಿತ್ತು. ಮೂವತ್ತು ವರ್ಷದಲ್ಲಿ ಯಾರೂ ಬೆರಳು ತೋರಿಸದ ಕೈ, ಮನೆಯವರೆಲ್ಲರ ಎದುರು ಸುಕ್ಕುಗಟ್ಟಿದ ಗಾಜು ಮಾಡಿ ಕೂತಿತ್ತು. ಬುಧವಾರದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಕಂಬಕ್ಕೆ ಕೈ ಚಾಚಿದೆ. "ಕೊಡಿ ಅತ್ತೆ, ಒಂದೇ ಮುಖ ತಾನೆ. ನಾನು ಸರಿ ಮಾಡಿಬಿಡ್ತೀನಿ, ಯಾರಿಗೂ ಗೊತ್ತಾಗೋಲ್ಲ."

ಅತ್ತೆ ಅದನ್ನು ನನ್ನ ಕೈಗೆ ಕೊಡಲಿಲ್ಲ.

"ಬೇಡ," ಎಂದರು. "ನಾನು ಮಾಡಿದ ತಪ್ಪು ನೀನು ಮಾಡಬೇಡ."

ಒಡಕು ಗಾಜಿನ ಪೀಪಾಯಿ ಪೀಠದ ಪಕ್ಕದಲ್ಲೇ ಇರುತ್ತದೆ. ಅತ್ತೆ ಎದ್ದು ಹೋಗಿ ಆ ಕಂಬವನ್ನು ಅದರೊಳಗೆ ಹಾಕಿದರು. ಅದು ಎರಡು ತುಂಡಾದ ಸದ್ದು ಕೇಳಿಸಿತು. "ನಿನ್ನ ಮೊದಲನೇದನ್ನ ಹೀಗೆ ಹಾಕಿದ್ದಿದ್ರೆ ಆ ವರ್ಷವೇ ನೀನು ಗಾಲಿ ಅಳೀತಿದ್ದೆ," ಎಂದರು. "ಮೂರು ವರ್ಷ ನಾನೇ ನಿನಗೆ ಅಡ್ಡ ಕೂತಿದ್ದೆ ಕಣೇ."

ನಾನು ಅವರ ಬೆರಳುಗಳನ್ನು ಹಿಡಿದುಕೊಂಡೆ. ಅವು ಬಿಸಿಯಾಗಿದ್ದವು, ಗುಲಾಬಿ ಪುಡಿಯಿಂದ ಅಂಟಂಟಾಗಿದ್ದವು. ಅವರು ಬಿಡಿಸಿಕೊಳ್ಳಲಿಲ್ಲ. ಹಾಗೇ ಪೀಠದ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು.